ಮಾಮಿ ಮೀನು ಬಿಟ್ಟ ಸಂಜೆ

ಆ ಸಂಜೆ ನಾನು ಬಾಂದ್ರಾ ಸ್ಟೇಷನ್ನಿನಲ್ಲಿ ಇರಲಿಲ್ಲ. ಅದರ ಹತ್ತಿರದಲ್ಲೂ ಇರಲಿಲ್ಲ. ಪಶ್ಚಿಮ ಮಾರ್ಗದ ಲೋಕಲ್ ಗಾಡಿಗಳಲ್ಲಿ ಒಂದರ ಹಿಂದೆ ಒಂದು ಬಾಂಬು ಸಿಡಿದ ಆ ಹೊತ್ತಿನಲ್ಲಿ ನಾನು ಠಾಣೆಯ ಮುನಿಸಿಪಾಲಿಟಿ ಈಜುಕೊಳದಲ್ಲಿ ಅಂಗಾತ ತೇಲುತ್ತಿದ್ದೆ. ಮೈಮೇಲೆ ಈಜುಡುಗೆ, ತಲೆಗೆ ರಬ್ಬರ್ ಟೋಪಿ, ಮುಖದ ಮೇಲೆ ಜುಲೈ ತಿಂಗಳ ಮಳೆ. ಮತ್ತು — ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ನಾನು ಸಂತೋಷವಾಗಿದ್ದೆ. ಅಷ್ಟು ಸಂತೋಷ ಅದಕ್ಕೆ ಮುಂಚೆ ಎಂದೂ ಪಟ್ಟಿರಲಿಲ್ಲ.

ಡೊಂಬಿವಲಿಯ ನಮ್ಮ ಕನ್ನಡ ಮಂದಿಗೆ ನಾನು ಹೇಳಿದ ಕಥೆ ಬೇರೆ. ಬಾಂದ್ರಾ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದೆ, ಸಿಡಿಲು ಹೊಡೆದ ಹಾಗೆ ಸದ್ದು ಕೇಳಿತು, ಹೊಗೆ ಕಂಡಿತು, ಜನರ ಜೊತೆ ಓಡಿದೆ, ನಡೆದೆ, ಹೇಗೋ ಮನೆ ಸೇರಿದೆ ಎಂದು. ಅದರಲ್ಲಿ ಮನೆ ಸೇರಿದ್ದೊಂದೇ ನಿಜ. ಉಳಿದದ್ದೆಲ್ಲ ಟಿ.ವಿ.ಯಲ್ಲಿ ಕಂಡದ್ದು, ಪೇಪರಿನಲ್ಲಿ ಓದಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈಜಲು ಹೋದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಎದೆ ಬಡಿದುಕೊಂಡು ಅಳುವ ಹೆಂಗಸನ್ನು ಓದಲು ಕುಳಿತವರು ಇಲ್ಲಿಗೇ ಎದ್ದು ಹೋಗಬಹುದು. ದೇಶ ಅತ್ತ ಹೊತ್ತಿನಲ್ಲಿ ಒಬ್ಬಳು ನೀರಿನಲ್ಲಿ ನಕ್ಕಳು ಎಂದರೆ ಅದು ಅಪರಾಧವಲ್ಲ, ಅವಳಿಗೆ ಸುದ್ದಿ ಗೊತ್ತಿರಲಿಲ್ಲ ಅಷ್ಟೆ. ನನ್ನ ತಪ್ಪು ಇರುವುದು ನೀರಿನಿಂದ ಮೇಲೆ ಬಂದ ಮೇಲೆ. ಆ ತಪ್ಪಿಗೆ ಕ್ಷಮೆ ಕೇಳಬೇಕಾಗಿದ್ದವರು ಒಬ್ಬರೇ, ನನ್ನ ಗಂಡನ ತಾಯಿ. ಮನೆಯಲ್ಲಿ ನಮ್ಮದು ತುಳು, ಹಾಗಾಗಿ ಅವರನ್ನು ನಾನು ಮಾಮಿ ಎಂದೇ ಕರೆಯುತ್ತಿದ್ದೆ. ಅವರು ಈಗಿಲ್ಲ.

ನನ್ನ ಗಂಡ ಸುಧಾಕರ ಡೊಂಬಿವಲಿಯಲ್ಲಿ ಹೋಟೆಲು ನಡೆಸುತ್ತಾರೆ. ಹೋಟೆಲು ಶುದ್ಧ ಸಸ್ಯಾಹಾರಿ, ಮನೆ ಶುದ್ಧ ಮೀನಾಹಾರಿ. ಬೆಳಿಗ್ಗೆಯಿಂದ ಗಲ್ಲೆಯಲ್ಲಿ ಕೂತು ಇಡ್ಲಿ ಸಾಂಬಾರಿನ ಬಿಲ್ಲು ತೆಗೆದುಕೊಳ್ಳುವವರು ಮಧ್ಯಾಹ್ನ ಮನೆಗೆ ಬಂದು ಬಂಗುಡೆ ಸಾರಿಲ್ಲದೆ ಊಟಕ್ಕೆ ಕೂರುವವರಲ್ಲ. ನಾನು ಬೇಲಾಪುರದ ಒಂದು ಆಫೀಸಿನಲ್ಲಿ ಗುಮಾಸ್ತೆ. ದಿನವೂ ವಾಶಿಯಲ್ಲಿ ಒಂದು ಗಾಡಿ, ಠಾಣೆಯಲ್ಲಿ ಒಂದು ಗಾಡಿ ಬದಲಿಸಿ ಮನೆ ಸೇರುವುದು.

ನಾನು ಹುಟ್ಟಿದ್ದು ಉಡುಪಿ ಕಡೆಯ ಕಡಲ ತಡಿಯಲ್ಲಿ. ಮಲಗಿದರೆ ತೆರೆಯ ಸದ್ದು ಕೇಳುತ್ತಿತ್ತು. ಅಣ್ಣ ತಮ್ಮಂದಿರು ಕಪ್ಪೆಗಳ ಹಾಗೆ ನೀರಿಗೆ ಹಾರುತ್ತಿದ್ದರು. ನಾವು ಹುಡುಗಿಯರು ಲಂಗ ಎತ್ತಿ ಹಿಡಿದು ಪಾದ ಒದ್ದೆ ಮಾಡಿಕೊಂಡರೆ ಅದೇ ದೊಡ್ಡದು, ಮೊಣಕಾಲು ಒದ್ದೆಯಾದರೆ ಬೆನ್ನಿಗೆ ಏಟು. ಮದುವೆಯಾಗಿ ಇಲ್ಲಿಗೆ ಬಂದೆ, ಕಡಲು ಹಿಂದೆ ಉಳಿಯಿತು, ಆಸೆ ಮಾತ್ರ ಜೊತೆಗೇ ಬಂತು. ಠಾಣೆಯ ಈಜುಕೊಳದಲ್ಲಿ ಸಂಜೆ ಹೆಂಗಸರ ಬ್ಯಾಚು ಇದೆ ಎಂದು ಆಫೀಸಿನ ಗೆಳತಿ ಹೇಳಿದ ದಿನ ಸುಧಾಕರರನ್ನು ಕೇಳಿದೆ.

"ಎಂತ? ಈಜುವುದಾ?" ಅವರಿಗೆ ನಗು. "ತಲೆ ಕೂದಲು ಹಣ್ಣಾಗುವ ಹೊತ್ತಿಗೆ ಇದೆಂತ ಹೊಸ ಮರುಳು ನಿಂದು? ಆ ಚಡ್ಡಿ ಹಾಕಿ ನಿಂತದ್ದನ್ನು ನಮ್ಮವರು ಯಾರಾದರೂ ಕಂಡರೆ ನಾನು ಗಲ್ಲೆಯಲ್ಲಿ ಕೂರುವುದು ಬೇಡವಾ?"

ಅವರು ಕೆಟ್ಟವರಲ್ಲ. ಆದರೆ ಆ ನಗು — ನನಗೆ ಸಿಟ್ಟು ನೆತ್ತಿಗೇರಿತು. ಮತ್ತೆ ಕೇಳಲಿಲ್ಲ. ಆ ತಿಂಗಳು ಬಾಂದ್ರಾದ ಆಫೀಸಿನಲ್ಲಿ ಕಂಪ್ಯೂಟರ್ ತರಬೇತಿ ಇದೆ, ಬರುವುದು ತಡ ಎಂದು ಮನೆಯಲ್ಲಿ ಹೇಳಿದೆ. ಬಾಂದ್ರಾ ಎಂದೇ ಯಾಕೆ ಹೇಳಿದೆನೋ. ಕಲ್ಯಾಣ ಎನ್ನಬಹುದಿತ್ತು, ಪನವೇಲ್ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬಾಂದ್ರಾ.

ಆ ಸಂಜೆ ಮೊದಲ ಸಲ ಈಜು ಕಲಿಸುವ ಟೀಚರು ತಮ್ಮ ಕೈಯನ್ನು ನನ್ನ ಬೆನ್ನಡಿಯಿಂದ ತೆಗೆದರು. ತೆಗೆದದ್ದು ನನಗೆ ಗೊತ್ತಾಗಲೇ ಇಲ್ಲ. ಕಿವಿ ನೀರೊಳಗಿತ್ತು, ಲೋಕದ ಸದ್ದೆಲ್ಲ ನಿಂತಿತ್ತು. ನನ್ನ ಭಾರ ಎತ್ತಲು ಯಾರೂ ಬೇಕಾಗಿರಲಿಲ್ಲ — ಗಂಡ ಬೇಡ, ಅಣ್ಣ ಬೇಡ, ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ ಒತ್ತಿ ಕೂರುವ ತುದಿಯೂ ಬೇಡ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುವುದಿಲ್ಲ.

ಬಟ್ಟೆ ಬದಲಿಸಿ ಹೊರಗೆ ಬಂದಾಗ ವಾಚ್‌ಮನ್ ರೇಡಿಯೋ ಸುತ್ತ ಜನ. "ಬಾಯಿ, ಲವ್ಕರ್ ಘರೀ ಜಾ," ಎಂದ, ಬೇಗ ಮನೆಗೆ ಹೋಗಿ ಅಮ್ಮಾ ಎಂದು. ಮಾಹಿಮ್, ಖಾರ್, ಮಾತುಂಗಾ ಎಂದು ಸ್ಟೇಷನ್ನುಗಳ ಹೆಸರು ಕೇಳಿ ಬರುತ್ತಿದ್ದವು. ಆಮೇಲೆ ಬಾಂದ್ರಾ. ಮನೆಯವರ ಲೆಕ್ಕದಲ್ಲಿ ನಾನು ಇದ್ದದ್ದು ಅಲ್ಲೇ. ಮೊಬೈಲಿನಲ್ಲಿ ಲೈನ್ ಇಲ್ಲ. ಓಡಿದೆ. ಠಾಣೆ ಸ್ಟೇಷನ್ನಿನ ಹೊರಗೆ ಟೆಲಿಫೋನ್ ಬೂತಿನ ಮುಂದೆ ಉದ್ದನೆಯ ಸಾಲು. ನಿಂತೆ. ಹಿಂದಿನವರು ಮುಂದಿನವರಿಗೆ "ಬೇಗ, ಬೇಗ, ಬದುಕಿದ್ದೇನೆ ಅಂತ ಹೇಳಿ ಇಡಿ" ಎನ್ನುತ್ತಿದ್ದರು. ಎಲ್ಲರಿಗೂ ಹೇಳಲಿಕ್ಕಿದ್ದದ್ದು ಅದೊಂದೇ ಮಾತು.

ನನ್ನ ಸರದಿ ಬಂತು. ಮನೆಯ ನಂಬರ್ ಒತ್ತಿದೆ. ಅರ್ಧ ರಿಂಗಿಗೇ ಎತ್ತಿದರು.

"ಹಲೋ? ವಿಮಲಾ? ವಿಮಲನಾ ಮಗಾ?"

ಮಾಮಿ. ಅವರ ಹಿಂದೆ ಟಿ.ವಿ.ಯ ಗದ್ದಲ, ಸುಧಾಕರರ ಸ್ವರ, ಅಕ್ಕಪಕ್ಕದವರ ಮಾತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ತಲೆಯ ಮೇಲಿನ ಧ್ವನಿವರ್ಧಕ ಕೂಗಲು ಶುರು ಮಾಡಿತು, ಠಾಣೆ ಸ್ಟೇಷನ್ನಿನ ಯಾವ ಪ್ಲಾಟ್‌ಫಾರ್ಮಿಗೆ ಯಾವ ಗಾಡಿ ಬರುತ್ತದೆ ಎಂದು. ಠಾಣೆ! ಬಾಂದ್ರಾದಲ್ಲಿ ಗಾಡಿಗಳೆಲ್ಲ ನಿಂತಿರುವಾಗ ನಾನು ಇಷ್ಟು ಬೇಗ ಠಾಣೆಗೆ ಬಂದದ್ದು ಹೇಗೆ? ಕೂದಲು ಯಾಕೆ ಒದ್ದೆ? ಚೀಲದಲ್ಲಿ ಏನು? ಒಂದು ಕ್ಷಣ — ಅಷ್ಟೇ. ಫೋನ್ ಇಟ್ಟುಬಿಟ್ಟೆ.

ಇದೇ ನನ್ನ ತಪ್ಪು. ಇನ್ನು ಹೇಗೆ ತಿರುಗಿಸಿ ಹೇಳಿದರೂ ಇದೇ. ‘ಬದುಕಿದ್ದೇನೆ’ ಎಂಬ ಒಂದು ಮಾತಿಗಾಗಿ ಆ ಕಡೆ ಒಬ್ಬ ಮುದುಕಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದಾಗ ನಾನು ನನ್ನ ಸುಳ್ಳಿನ ಹೊಲಿಗೆ ಬಿಚ್ಚೀತೆಂದು ಹೆದರಿದೆ. ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಡೊಂಬಿವಲಿ ಕಡೆಯ ಮಧ್ಯ ಮಾರ್ಗದ ಗಾಡಿಗಳು ಓಡುತ್ತಿದ್ದವು, ತುಂಬಿದ್ದರೂ ಓಡುತ್ತಿದ್ದವು. ನಾನು ಹತ್ತಲಿಲ್ಲ. ಬಾಂದ್ರಾದಿಂದ ಬರುವವಳಿಗೆ ಎಷ್ಟು ತಡವಾಗಬೇಕೋ ಅಷ್ಟು ತಡ ಮಾಡಲು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಡೊಂಬಿವಲಿಯ ಗಾಡಿಗಳು ನನ್ನ ಕಣ್ಣೆದುರೇ ಹೋದವು. ಕೂದಲು ಆರಿತು. ಕಥೆ ಸಿದ್ಧವಾಯಿತು. ಆಮೇಲೆ ಹತ್ತಿದೆ.

ಮನೆಯ ಬಾಗಿಲು ತೆರೆದೇ ಇತ್ತು. ಕಟ್ಟಡದ ಅರ್ಧ ಜನ ನಮ್ಮ ಹಾಲಿನಲ್ಲಿದ್ದರು. ಮಾಮಿ ಎದ್ದು ಬಂದು ನನ್ನ ಮುಖ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದರು, ಎಲ್ಲಾದರೂ ಗಾಯ ಉಂಟಾ ಎಂದು. ಕಲ್ಯಾಣದಿಂದ ಬಂದಿದ್ದ ಸುಧಾಕರರ ಅಕ್ಕ ಶಶಿಯಕ್ಕ ಅಳುತ್ತಾ ಹೇಳಿದರು:

"ಒಂದು ಫೋನ್ ಬಂತು ವಿಮಲಾ. ಎತ್ತಿದರೆ ಯಾರೂ ಮಾತಾಡಲಿಲ್ಲ, ಕಟ್ ಆಯ್ತು. ಕಡೇ ಉಸಿರಲ್ಲಿ ನೀನೇ ಮಾಡಿದ್ದು ಅಂತ ಅಮ್ಮನಿಗೆ ಆಯ್ತು. ಅಲ್ಲೇ ಬಾಲ್ಕನಿಯ ತುಳಸಿ ಎದುರು ಹೋಗಿ ಊರಿನ ದೈವಕ್ಕೆ ಹರಕೆ ಹೇಳಿದ್ರು. ನನ್ನ ಸೊಸೆ ಜೀವಂತ ಬಂದರೆ, ನನ್ನ ಜೀವ ಇರುವವರೆಗೆ ಮೀನು ಮುಟ್ಟುವುದಿಲ್ಲ ಅಂತ."

ಎಲ್ಲರೂ ಕೈಮುಗಿದರು. ನಾನು ಬಂದಿದ್ದೆನಲ್ಲ, ದೈವ ನಡೆಸಿಕೊಟ್ಟಿತ್ತಲ್ಲ. ಆಗ ಹೇಳಬಹುದಿತ್ತು. ಆಗಲೂ — ಇಲ್ಲ, ಹೇಳಲಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಮೀನು ಬಿಡುವುದೆಂದರೆ ಏನೆಂದು ಹೇಳಿದರೂ ಅರ್ಥವಾಗಲಿಕ್ಕಿಲ್ಲ. ಚಿನ್ನ ಕೊಡುತ್ತೇನೆ ಎನ್ನಬಹುದಿತ್ತು, ಉರುಳುಸೇವೆ ಮಾಡುತ್ತೇನೆ ಎನ್ನಬಹುದಿತ್ತು. ಮಾಮಿ ಎಣಿಸಿ ನೋಡಿ, ತಮ್ಮ ಹತ್ತಿರ ಇದ್ದುದರಲ್ಲಿ ಅತ್ಯಂತ ಪ್ರೀತಿಯದನ್ನೇ ಕೊಟ್ಟಿದ್ದರು. ಮಳೆಗಾಲದಲ್ಲಿ ಅದು ಅಷ್ಟಾಗಿ ತಿಳಿಯಲಿಲ್ಲ, ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಒಣಮೀನೇ ಗತಿ. ಕಡಲಿಗೆ ತೆಂಗಿನಕಾಯಿ ಬಿಡುವ ನಾರಳಿ ಪೂರ್ಣಿಮೆ ಕಳೆದು ಮಾರುಕಟ್ಟೆಗೆ ಹಸಿ ಮೀನು ಬಂದಾಗ ತಿಳಿಯಿತು. ಮಾಮಿಯೇ ಚೀಲ ಹಿಡಿದು ಹೋದರು. ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿ, ಮೀನಿನವಳ ಜೊತೆ ತಮ್ಮ ಹರಕು ಮರಾಠಿಯಲ್ಲಿ ಜಗಳವಾಡಿ — "ಹಾ ಕಾಲ್‌ಚಾ ಮಾಲ್! ನಿನ್ನೆಯದ್ದು ಇದು, ನನಗೇ ಕಲಿಸ್ತಿಯಾ?" — ಬಂಗುಡೆ ತಂದು, ಮಸಾಲೆ ಅರೆದು, ಸಾರು ಮಾಡಿ ನಮಗೆ ಬಡಿಸಿದರು. ತಾವು ಮಜ್ಜಿಗೆ ಅನ್ನ ಕಲಸಿಕೊಂಡು ಎದುರು ಕೂತರು.

"ವಿಮಲಾ, ಉಪ್ಪು ಸರಿ ಉಂಟಾ ಹೇಳು. ನನಗೆ ನೋಡ್ಲಿಕ್ಕೆ ಆಗುದಿಲ್ಲ ಅಲ್ವಾ."

ಎಂಟೊಂಬತ್ತು ವರ್ಷ ಆ ಮಾತು ಕೇಳಿದೆ. ಎಂಟೊಂಬತ್ತು ವರ್ಷ ‘ಸರಿ ಉಂಟು ಮಾಮಿ’ ಎಂದೆ. ಹೇಳಿ ಮುಂದಿನ ತುತ್ತು ನುಂಗಿದೆ.

ಮರುವರ್ಷ ನಮ್ಮ ಕನ್ನಡ ಸಂಘದಲ್ಲಿ ಆ ದಿನದ ನೆನಪಿಗೆ ಸಭೆ ಮಾಡಿದರು. ಆ ಸಂಜೆ ಎಲ್ಲೆಲ್ಲಿದ್ದೆವೆಂದು ಒಬ್ಬೊಬ್ಬರೂ ಹೇಳುವುದು. ಬಾಂಬು ಸಿಡಿದ ಗಾಡಿಯನ್ನು ಒಂದು ನಿಮಿಷದಲ್ಲಿ ತಪ್ಪಿಸಿಕೊಂಡೆವು ಎಂದವರು ಎಷ್ಟು ಮಂದಿ ಎಂದರೆ, ಅವರೆಲ್ಲ ನಿಜಕ್ಕೂ ಹತ್ತುವವರಿದ್ದರೆ ರೈಲ್ವೆಯವರು ಇನ್ನೆರಡು ಗಾಡಿ ಬಿಡಬೇಕಾಗುತ್ತಿತ್ತು. ನಗಬೇಡಿ, ಅವರಲ್ಲಿ ಮೊದಲನೆಯವಳು ನಾನೇ. ‘ಸಾವಿನ ಬಾಯಿಂದ ಬಂದ ನಮ್ಮ ವಿಮಲಕ್ಕ’ ಎಂದು ಮೈಕ್ ಕೈಗೆ ಕೊಟ್ಟರು. ಹೇಳಿದೆ. ಚೆನ್ನಾಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಮಾಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸಭೆ ಮುಗಿದ ಮೇಲೆ ಜಯಂತಿ ಎಂಬ ಹೆಂಗಸು ನನ್ನ ಹತ್ತಿರ ಬಂದಳು. ಅವಳ ತಮ್ಮ ಆ ಸಂಜೆ ನಿಜವಾಗಿಯೂ ಬಾಂದ್ರಾದ ಆ ಗಾಡಿಯಲ್ಲಿದ್ದವನು, ತಿರುಗಿ ಬಾರದವನು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು.

"ಅಕ್ಕಾ, ನೀವು ಅಲ್ಲೇ ಇದ್ರಲ್ಲ. ಅವನಿಗೆ ತುಂಬ ಹೊತ್ತು ನೋವಾಗಿರಬಹುದಾ?"

"ಇಲ್ಲ," ಎಂದೆ. "ಒಂದೇ ಕ್ಷಣ. ಗೊತ್ತೇ ಆಗಿರಲಿಕ್ಕಿಲ್ಲ."

ಅವಳ ಮುಖ ಹಗುರಾಯಿತು. ನನಗೆ ಏನು ಗೊತ್ತಿತ್ತು? ಏನೂ ಇಲ್ಲ. ಅವಳ ತಮ್ಮನ ಸಾವಿನ ಬಗ್ಗೆ ತೀರ್ಪು ಕೊಡಲು ನಾನು ಯಾರು? ಅಂದಿನಿಂದ ಮೈಕ್ ಮುಟ್ಟಲಿಲ್ಲ. ‘ನೆನಪು ಮಾಡಿದರೆ ಅವಳಿಗೆ ಸಂಕಟ ಆಗ್ತದೆ’ ಎಂದು ಜನ ಅದಕ್ಕೂ ಒಳ್ಳೆಯ ಅರ್ಥ ಕೊಟ್ಟರು. ಸುಳ್ಳಿಗೆ ಒಮ್ಮೆ ಮರ್ಯಾದೆ ಸಿಕ್ಕಿತೆಂದರೆ ಆಮೇಲೆ ಅದನ್ನು ಸಾಕುವ ಕೆಲಸ ಊರಿನವರದ್ದು.

ಇನ್ನೊಂದು ಹೇಳಲೇಬೇಕು. ಅದೇ ವರ್ಷ ಧೈರ್ಯ ಮಾಡಿ, ಎಲ್ಲರೂ ಊಟಕ್ಕೆ ಕೂತಾಗ, ಈಜು ಕಲಿಯಲು ಹೋಗುತ್ತೇನೆ ಎಂದೆ. ಸುಧಾಕರ ಬಾಯಿ ತೆರೆಯುವ ಮೊದಲೇ ಮಾಮಿ ಹೇಳಿದರು:

"ಹೋಗಲಿ ಬಿಡು ಮಾರಾಯ. ಕಡಲು ನಮ್ಮ ಮನೆಯ ಹಿಂದೆಯೇ ಇತ್ತು, ನಾನು ಪಾದಕ್ಕಿಂತ ಮೇಲೆ ನೀರು ಕಂಡವಳಲ್ಲ. ಇವಳಾದರೂ ಈಜಲಿ."

ಅಷ್ಟು ಸುಲಭ. ಒಂದು ವರ್ಷ ಮೊದಲು ಗಂಡನನ್ನು ಕೇಳುವ ಬದಲು ಅವರನ್ನು ಕೇಳಿದ್ದರೆ ಬಾಂದ್ರಾವೂ ಬೇಕಿರಲಿಲ್ಲ, ಬೂತೂ ಬೇಕಿರಲಿಲ್ಲ. ಅತ್ತೆ ಎಂದರೆ ಬೇಡ ಎನ್ನುವವರೇ ಎಂದು ನಾನೇ ತೀರ್ಮಾನಿಸಿದ್ದೆ. ಕೇಳಿಯೇ ಇರಲಿಲ್ಲ. ಅಂದು ಅವರ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಎನಿಸಿತು. ಆದರೆ ಹೇಳಿದರೆ ಅವರು ಬಿಟ್ಟ ಮೀನಿಗೆ ಅರ್ಥವೇ ಇಲ್ಲದ ಹಾಗೆ ಆಗುತ್ತದಲ್ಲ, ಅವರ ದೈವದ ಎದುರು ಅವರೇ ಸಣ್ಣವರಾಗುತ್ತಾರಲ್ಲ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಕೇಳಲು ಚೆಂದದ ಮಾತುಗಳು. ನಿಜ ಏನೆಂದರೆ, ಅವರ ಕಣ್ಣಿನಲ್ಲಿ ನಾನು ಸಣ್ಣವಳಾಗುವುದು ನನಗೆ ಬೇಡವಾಗಿತ್ತು.

ಈಜಲು ಹೋದೆ. ಈಗಲೂ ಹೋಗುತ್ತೇನೆ. ಹೋಗುವ ದಿನಗಳಲ್ಲಿ ಮಾಮಿ ನನ್ನ ಚೀಲಕ್ಕೆ ಅವಲಕ್ಕಿ ಕಟ್ಟಿಕೊಡುತ್ತಿದ್ದರು, ನೀರಿನಿಂದ ಬಂದರೆ ಹಸಿವಾಗುತ್ತದೆ ಎಂದು.

ಕಳೆದ ವರ್ಷ ಅವರು ಹೋದರು. ಹೆಚ್ಚು ನರಳಲಿಲ್ಲ. ಆಸ್ಪತ್ರೆಯಲ್ಲಿ ಅವರ ಪಕ್ಕ ನಾನೊಬ್ಬಳೇ ಇದ್ದ ಮಧ್ಯಾಹ್ನಗಳಿದ್ದವು. ಹೇಳಲು ಸಮಯ ಸಿಗಲಿಲ್ಲ ಎಂದು ನಾನು ಹೇಳುವಂತಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ನಮ್ಮಲ್ಲಿ ಹೋದವರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯ ಮೇಲೆ ಬಡಿಸಿ, ದೀಪ ಇಟ್ಟು, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಹೋದವರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಶಶಿಯಕ್ಕ ಪಲ್ಯ, ಸಾರು, ಪಾಯಸ ಎಲ್ಲ ಮಾಡಿಟ್ಟಿದ್ದರು. ನಾನು ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿ ಬಂಗುಡೆ ತಂದು ಸಾರು ಮಾಡಿ, ಬಾಣಲೆ ಹಿಡಿದುಕೊಂಡು ಕೋಣೆಗೆ ಹೋದೆ.

"ಇದೆಂತ ಮಾಡ್ತಿದ್ದಿ?" ಶಶಿಯಕ್ಕ ಅಡ್ಡ ನಿಂತರು. "ಅಮ್ಮ ಮೀನು ಬಿಟ್ಟವರು. ನಿನಗೋಸ್ಕರ ಬಿಟ್ಟವರು. ಹೋದ ಮೇಲೆ ಅವರ ಹರಕೆ ಕೆಡಿಸ್ತಿಯಾ?"

"ಜೀವ ಇರುವವರೆಗೆ ಅಂತ ಹರಕೆ," ಎಂದೆ. "ಜೀವ ಹೋಯಿತು. ಹರಕೆ ತೀರಿತು. ಇನ್ನು ಒಂದು ದಿನವೂ ಅವರು ಮೀನಿಲ್ಲದೆ ಉಣ್ಣುವುದು ಬೇಡ."

"ನೀನು ಯಾರು ಅದನ್ನು ಹೇಳ್ಲಿಕ್ಕೆ?"

ಯಾರು ಎಂದು ಹೇಳಿದೆ. ಅಲ್ಲಿ, ಬಂದ ನೆಂಟರೆಲ್ಲರ ಎದುರು, ಬಾಣಲೆ ಕೆಳಗಿಡದೆ, ಈಜುಕೊಳದಿಂದ ಬೂತಿನವರೆಗೆ, ಬೂತಿನಿಂದ ಬೆಂಚಿನವರೆಗೆ ಒಂದೂ ಬಿಡದೆ ಹೇಳಿದೆ. ಯಾರೋ ‘ಶಿವ ಶಿವಾ’ ಎಂದರು. ಯಾರೋ ಈಜುಡುಗೆಯ ಬಗ್ಗೆ ಗೊಣಗಿದರು. ಅವರ ಕಡೆ ತಿರುಗಿ, "ಈಜಿದ್ದು ಬಿಡಿ, ಅದು ನನ್ನ ಖುಷಿ. ಫೋನ್ ಇಟ್ಟದ್ದಕ್ಕೆ ಏನು ಬೇಕಾದರೂ ಹೇಳಿ, ಕೇಳುತ್ತೇನೆ," ಎಂದೆ.

"ಇದನ್ನು ಅಮ್ಮನ ಎದುರು ಹೇಳಬೇಕಿತ್ತು," ಎಂದರು ಶಶಿಯಕ್ಕ.

"ಹೌದು."

"ಹೇಳಲಿಲ್ಲ."

"ಇಲ್ಲ. ಹೇಳಲಿಲ್ಲ."

ಅವರು ಸರಿದು ನಿಂತರು, ನನಗೆ ದಾರಿ ಬಿಡಲೋ, ನನ್ನಿಂದ ದೂರ ನಿಲ್ಲಲೋ. ನಾನು ಎಲೆಯ ಮುಂದೆ ಕೂತು, ಸಾರಿನೊಳಗಿನಿಂದ ಒಳ್ಳೆಯ ನಡುತುಂಡು ಆರಿಸಿ, ಮುರಿಯದ ಹಾಗೆ ಎತ್ತಿ ಅನ್ನದ ಪಕ್ಕ ಬಡಿಸಿದೆ.

ಸುಧಾಕರ ಅದುವರೆಗೂ ಗೋಡೆಗೆ ಒರಗಿ ಕೂತಿದ್ದರು. ಆ ಸಂಜೆ ಕಟ್ ಆದ ಫೋನನ್ನು ತಾಯಿಯ ಕೈಯಿಂದ ಕಿತ್ತುಕೊಂಡು ಹಲೋ ಹಲೋ ಎಂದು ಕೂಗಿದವರು ಅವರೇ ಎಂದು ನನಗೆ ಗೊತ್ತಿತ್ತು. ನನ್ನ ಕಡೆ ನೋಡದೆ, ಎಲೆಯನ್ನೇ ನೋಡುತ್ತಾ ಹೇಳಿದರು:

"ಅಮ್ಮನಿಗೆ ನಡುತುಂಡು ಬೇಡ. ಅವರಿಗೆ ಮಂಡೆ ಆಗಬೇಕು. ಯಾವಾಗಲೂ ಮಂಡೆಯೇ ಅಲ್ವಾ ತಿನ್ನುತ್ತಿದ್ದದ್ದು."

ನಾನು ನಡುತುಂಡನ್ನು ತೆಗೆದೆ. ಬಾಣಲೆಯಲ್ಲಿ ಮೀನಿನ ತಲೆ ಹುಡುಕಿದೆ, ಇರಲಿಲ್ಲ. ಬೆಳಿಗ್ಗೆ ಶುಚಿ ಮಾಡುವಾಗ ತಲೆಗಳನ್ನೆಲ್ಲ ನಾನೇ ಕಿತ್ತು ಎಸೆದಿದ್ದೆ. ನಮ್ಮ ಮನೆಯಲ್ಲಿ ಈಗ ಅದನ್ನು ತಿನ್ನುವವರು ಯಾರೂ ಇಲ್ಲ ಎಂದು.